ಕೂಲಿಯ ಲೆಕ್ಕಕ್ಕೆ ಉತ್ತರ ಕೊಡುವವರು ಯಾರು?

ಒಂದು ಭಾನುವಾರ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ್ದರು. ಪೂಜಾವಸ್ತ್ರಗಳನ್ನು ಕಳಚಿಟ್ಟು ಹೊರಬಂದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ಬಾಗಿಲ ಬಳಿ ನಿಂತಿದ್ದರು. ಚೀಲದೊಳಗೆ ಒಂಬತ್ತು ತಿಂಗಳ ಸಂಬಳದ ಚೀಟಿಗಳಿದ್ದವು. ಹೆದ್ದಾರಿಯ ಬದಿಯ ಒಂದು ಸಿದ್ಧ ಉಡುಪಿನ ಘಟಕದಲ್ಲಿ ಅವರು ಹೊಲಿಗೆ ಕೆಲಸ ಮಾಡುತ್ತಾರೆ. ಪ್ರತಿ ಚೀಟಿಯಲ್ಲೂ ಭವಿಷ್ಯ ನಿಧಿಗೆಂದು ಹಣ ಕಡಿತವಾಗಿತ್ತು. ಮಗಳ ಕಾಲೇಜು ಶುಲ್ಕಕ್ಕಾಗಿ ಮುಂಗಡ ಪಡೆಯಲು ಹೋದಾಗ ಖಾತೆಗೆ ಒಂಬತ್ತು ತಿಂಗಳಿಂದ ಒಂದು ರೂಪಾಯಿಯೂ ಬಂದಿರಲಿಲ್ಲ.

ಅವರು ಮೇಲ್ವಿಚಾರಕರನ್ನು ಕೇಳಿದರು. "ನನಗೆ ಗೊತ್ತಿಲ್ಲ, ಗುತ್ತಿಗೆದಾರನನ್ನು ಕೇಳಿ" ಎಂದರು. ಗುತ್ತಿಗೆದಾರ "ನಾನು ಕಟ್ಟುವುದಲ್ಲ, ಆಫೀಸಿನವರು ಕಟ್ಟುವುದು" ಎಂದ. ಆಫೀಸಿನವರು "ಕಂಪನಿಗೆ ಸ್ವಲ್ಪ ಕಷ್ಟ ಇದೆ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಇಲ್ಲಿ ವರ ಕೊಡಬೇಕಾದವನು ಯಾರೆಂಬುದೇ ತಿಳಿಯದು. ಇಷ್ಟನ್ನೂ ಹೇಳಿ ಆ ತಾಯಿ ನನ್ನನ್ನು ಒಂದು ಪ್ರಶ್ನೆ ಕೇಳಿದರು: "ಫಾದರ್, ಕಂಪನಿ ಅಂದ್ರೆ ಯಾರು?"

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ 'ವ್ಯಕ್ತಿ' ಎಂದರೆ ಯಾರು ಎಂಬುದರ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ಆದರೂ ಆ ಬಾಗಿಲ ಬಳಿ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ಈ ವಾರ ಆ ಪ್ರಶ್ನೆಯನ್ನೇ ನಾವೆಲ್ಲರೂ ಒಟ್ಟಿಗೆ ಧ್ಯಾನಿಸೋಣ.

ಯಜಮಾನ ತಾನೇ ಹೊರಬಂದ

ಸಂತ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿರುವ ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿ ನಮಗೆಲ್ಲ ಪರಿಚಿತ. ಕೊನೆಯ ಗಳಿಗೆಯಲ್ಲಿ ಬಂದವನಿಗೂ ದಿನದ ಪೂರ್ತಿ ಕೂಲಿ ಕೊಟ್ಟ ಯಜಮಾನನ ಔದಾರ್ಯದ ಬಗ್ಗೆ ಅನೇಕ ಪ್ರಬೋಧನೆಗಳನ್ನು ಕೇಳಿದ್ದೇವೆ. ಅದೇ ಸಾಮತಿಯಲ್ಲಿ ನಾವು ಗಮನಿಸದೆ ದಾಟಿಬಿಡುವ ಒಂದು ಸಂಗತಿಯಿದೆ. ಆ ಯಜಮಾನನಿಗೆ ಒಬ್ಬ ಮೇಲ್ವಿಚಾರಕನಿದ್ದ. ಸಂಜೆಯಾದಾಗ ಕೂಲಿ ಹಂಚಿದವನು ಆ ಮೇಲ್ವಿಚಾರಕನೇ. ಹೀಗಿದ್ದರೂ ಆಳುಗಳನ್ನು ಕರೆಯಲು ಸಂತೆಬೀದಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಐದು ಸಲ ಹೋದವನು ಯಜಮಾನನೇ. ಗೊಣಗಿದವರಿಗೆ ಉತ್ತರ ಕೊಟ್ಟವನೂ ಯಜಮಾನನೇ. "ಮೇಲ್ವಿಚಾರಕನನ್ನು ಕೇಳಿ ಹೋಗಿ" ಎಂದು ಅವನು ಒಳಗೆ ಕುಳಿತುಕೊಳ್ಳಲಿಲ್ಲ. ದುಡಿದವರ ಮುಖಕ್ಕೆ ಮುಖ ಕೊಟ್ಟು ನಿಂತ.

ಕೂಲಿ ಎಷ್ಟೆಂಬುದು ಒಂದು ಪ್ರಶ್ನೆಯಾದರೆ, ಕೂಲಿಯ ಲೆಕ್ಕಕ್ಕೆ ಉತ್ತರ ಕೊಡುವವರು ಯಾರೆಂಬುದು ಇನ್ನೊಂದು. ಈ ಎರಡನೆಯದು ನ್ಯಾಯದ ಬುನಾದಿ. ಉತ್ತರ ಕೊಡುವ ಮುಖವೇ ಇಲ್ಲದಿದ್ದರೆ ಮೊದಲನೆಯ ಪ್ರಶ್ನೆಯನ್ನು ಕೇಳುವುದಾದರೂ ಯಾರ ಬಳಿ?

ಪವಿತ್ರ ಗ್ರಂಥ ಈ ವಿಷಯದಲ್ಲಿ ಬಹಳ ಕಟುವಾಗಿದೆ. ಬಡ ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ವಿಧಿಸುತ್ತದೆ. ಕೂಲಿಯನ್ನು ಕಸಿಯುವುದನ್ನು ಸಿರಾಖನು ತನ್ನ ಗ್ರಂಥದ 34ನೇ ಅಧ್ಯಾಯದಲ್ಲಿ ರಕ್ತ ಸುರಿಸುವುದಕ್ಕೆ ಸಮವೆಂದು ಎಣಿಸುತ್ತಾನೆ. ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂಬುದು ಯಕೋಬನ ಪತ್ರದ 5ನೇ ಅಧ್ಯಾಯದ ಎಚ್ಚರಿಕೆ. ಆದ್ದರಿಂದಲೇ ಧರ್ಮಸಭೆ ತನ್ನ ಪರಂಪರೆಯಲ್ಲಿ ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಪಟ್ಟಿಯಲ್ಲಿ, ಕೊಲೆಯ ಜೊತೆಯಲ್ಲೇ, ಕೂಲಿಕಾರನಿಗೆ ಮಾಡುವ ವಂಚನೆಯನ್ನೂ ಇಟ್ಟಿದೆ. ಇದು ಲೆಕ್ಕಪತ್ರದ ಸಣ್ಣ ತಪ್ಪು ಎಂದುಕೊಂಡಿದ್ದರೆ ಆ ಭಾವನೆಯನ್ನು ಇಂದೇ ಬಿಟ್ಟುಬಿಡೋಣ.

ಕಂಪನಿ ಪಾಪನಿವೇದನೆಗೆ ಬರುವುದಿಲ್ಲ

ಹಾಗಾದರೆ ಕಂಪನಿ ಎಂದರೆ ಯಾರು? ಕಾನೂನಿನ ದೃಷ್ಟಿಯಲ್ಲಿ ಕಂಪನಿಯೂ ಒಬ್ಬ 'ವ್ಯಕ್ತಿ'. ಅದಕ್ಕೆ ಹೆಸರಿದೆ, ಆಸ್ತಿಯಿದೆ, ಸಾಲವಿದೆ. ಅದು ದಾವೆ ಹೂಡಬಹುದು, ಅದರ ಮೇಲೂ ದಾವೆ ಹೂಡಬಹುದು. ಕಂಪನಿ ಬೇರೆ, ಅದರ ಒಡೆಯರು ಬೇರೆ ಎಂಬ ತತ್ವವನ್ನು ಇಂಗ್ಲೆಂಡಿನ ಉನ್ನತ ನ್ಯಾಯಪೀಠ 1896ರಲ್ಲಿ ಸಾಲೊಮನ್ ಎಂಬ ಚರ್ಮದ ವ್ಯಾಪಾರಿಯ ಮೊಕದ್ದಮೆಯಲ್ಲಿ ಗಟ್ಟಿಗೊಳಿಸಿತು. ಇದರಿಂದ ಒಳ್ಳೆಯದೂ ಆಗಿದೆ. ಉದ್ಯಮ ಸೋತರೆ ಮನೆ ಮಠ ಕಳೆದುಕೊಳ್ಳಬೇಕಾಗಿಲ್ಲ ಎಂಬ ಧೈರ್ಯವಿರುವುದರಿಂದಲೇ ಜನ ಬಂಡವಾಳ ಹೂಡುತ್ತಾರೆ, ನಾಲ್ಕು ಜನರಿಗೆ ಕೆಲಸ ಸಿಗುತ್ತದೆ.

ಆದರೆ ಕಂಪನಿಗೆ ಆತ್ಮವಿಲ್ಲ. ಅದು ಪಾಪನಿವೇದನೆಗೆ ಬಂದು ಮೊಣಕಾಲೂರುವುದಿಲ್ಲ. ಅದಕ್ಕೆ ರಾತ್ರಿ ನಿದ್ದೆ ಕೆಡುವುದಿಲ್ಲ. ನಿದ್ದೆ ಕೆಡಬಹುದಾದವರು, ಪಶ್ಚಾತ್ತಾಪಪಡಬಲ್ಲವರು ಅದರ ಹೆಸರಿನಲ್ಲಿ ನಿರ್ಧಾರ ಮಾಡುವ ಮನುಷ್ಯರು. ಅವರನ್ನೇ ನಾವು ನಿರ್ದೇಶಕರು, ಡೈರೆಕ್ಟರುಗಳು ಎನ್ನುತ್ತೇವೆ. ಈ ತಿಂಗಳು ಬ್ಯಾಂಕಿನ ಸಾಲ ಕಟ್ಟೋಣ, ಭವಿಷ್ಯ ನಿಧಿ ಮುಂದಿನ ತಿಂಗಳು ನೋಡೋಣ ಎಂದು ಯಾವುದೋ ಒಂದು ಮೇಜಿನ ಮುಂದೆ ಕುಳಿತ ಒಬ್ಬ ಮನುಷ್ಯ ತೀರ್ಮಾನಿಸಿದ್ದಾನೆ. 'ಕಂಪನಿಗೆ ಕಷ್ಟ' ಎಂಬ ಮಾತಿನ ಹಿಂದೆ ಆ ಮನುಷ್ಯನಿದ್ದಾನೆ.

ನಮ್ಮ ದೇಶದ ಕಾನೂನು ಕೂಡ ಇದನ್ನು ಮರೆತಿಲ್ಲ. 2013ರ ಕಂಪನಿ ಕಾಯಿದೆಯ 166ನೇ ಕಲಂ ನಿರ್ದೇಶಕರ ಕರ್ತವ್ಯಗಳನ್ನು ಹೇಳುತ್ತದೆ. ಷೇರುದಾರರ ಹಿತವನ್ನು ಮಾತ್ರವಲ್ಲ, ನೌಕರರ, ಸಮುದಾಯದ ಹಾಗೂ ಪರಿಸರದ ಹಿತವನ್ನೂ ಅವರು ಸದ್ಭಾವನೆಯಿಂದ ನೋಡಬೇಕು. 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಕಂಪನಿಯ ಕಾರ್ಖಾನೆಗೆ ಅದರ ನಿರ್ದೇಶಕರಲ್ಲಿ ಒಬ್ಬರೇ ಹೊಣೆಗಾರರೆಂದು ವಿಧಿಸಲಾಯಿತು. ಯಾರೋ ಒಬ್ಬ ಸಂಬಳದ ಮ್ಯಾನೇಜರನ ಹೆಸರು ಬರೆದು ನಿರ್ದೇಶಕರು ಜಾರಿಕೊಳ್ಳುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಇದನ್ನು ಎತ್ತಿಹಿಡಿಯಿತು.

ಭವಿಷ್ಯ ನಿಧಿಯ ವಿಷಯವಂತೂ ಇನ್ನೂ ಗಂಭೀರ. ಕಾರ್ಮಿಕನ ಸಂಬಳದಿಂದ ಕಡಿತ ಮಾಡಿದ ಹಣ ಮಾಲೀಕನ ಕೈಯಲ್ಲಿರುವುದು ನಂಬಿಕೆಯ ಮೇಲೆ ಒಪ್ಪಿಸಿದ ಒತ್ತೆಯಂತೆ. ಅದನ್ನು ಕಟ್ಟದೆ ಉಳಿಸಿಕೊಂಡರೆ ಅದು ಅಪರಾಧಿಕ ನಂಬಿಕೆ ದ್ರೋಹ. ಹಳೆಯ ದಂಡ ಸಂಹಿತೆ ಹೀಗೆಂದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಸಹ ಹೀಗೆಯೇ ಹೇಳುತ್ತದೆ. ನಂಬಿಕೆ ದ್ರೋಹ ಎಂಬ ಮಾತು ವಿಶ್ವಾಸಿಗಳಾದ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸಬೇಕು.

ನಮ್ಮ ಕಣ್ಣೆದುರು ನಡೆದದ್ದು

ಇದೆಲ್ಲ ದೂರದ ಮಾತಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಕಬ್ಬಿಣದ ಅದಿರಿನ ಕಥೆ ನಮ್ಮೆಲ್ಲರ ನೆನಪಿನಲ್ಲಿದೆ. ಅದಿರಿನ ಬೆಲೆ ಏರಿದ್ದ ಕಾಲದಲ್ಲಿ ಭೀಮಸಮುದ್ರದ ಕಡೆಯ ರಸ್ತೆಗಳಲ್ಲಿ ಲಾರಿಗಳ ಸಾಲು, ಅಡಿಕೆ ಮರಗಳ ಮೇಲೆ ಕೆಂಪು ಧೂಳು. ಹೊಲ ಒಣಗಿದ್ದ ರೈತನ ಮಗ ಲಾರಿ ಚಾಲಕನಾದ, ಇನ್ನೊಬ್ಬ ಸಾಲ ಮಾಡಿ ಟಿಪ್ಪರ್ ಕೊಂಡ. 2011ರ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಮೊದಲು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದ ಸರ್ವೋಚ್ಚ ನ್ಯಾಯಾಲಯ, ಅದೇ ವರ್ಷ ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಅವುಗಳ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಘೋರ ಉಲ್ಲಂಘನೆ ಮಾಡಿದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು.

ನ್ಯಾಯಾಲಯ ಮಾಡಿದ್ದು ಸರಿಯೇ. ಬೆಟ್ಟ ನಮ್ಮ ಮೊಮ್ಮಕ್ಕಳದೂ ಹೌದು. ಆದರೆ ಗಡಿಕಲ್ಲು ದಾಟಿ ಅಗೆಯಿರಿ ಎಂದು ಹೇಳಿದವನು ಲಾರಿ ಚಾಲಕನಲ್ಲ. ಪರವಾನಗಿಗಿಂತ ಹೆಚ್ಚು ಅದಿರು ಸಾಗಿಸಲು ತೀರ್ಮಾನಿಸಿದವಳು ಅದಿರು ಆಯುತ್ತಿದ್ದ ಹೆಂಗಸಲ್ಲ. ಗಣಿ ನಿಂತ ಮರುದಿನ ಬೆಳಿಗ್ಗೆ ಕೆಲಸವಿಲ್ಲದೆ ಎದ್ದವರು ಮಾತ್ರ ಇವರೇ. ಮೇಲಿನವರ ತೀರ್ಮಾನದ ತಪ್ಪಿಗೆ ಕೆಳಗಿನವರ ಒಲೆ ಆರುತ್ತದೆ. ನಿರ್ದೇಶಕರ ಹೊಣೆಗಾರಿಕೆ ಎಂಬ ಮಾತು ಬಡವರ ಮಾತೂ ಆಗುವುದು ಇದಕ್ಕಾಗಿಯೇ.

ನಮ್ಮ ರಾಜಧಾನಿಯ ಇನ್ನೊಂದು ಉದಾಹರಣೆ ಲೋಕಪ್ರಸಿದ್ಧ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆ 2005ರಲ್ಲಿ ಹಾರಾಟ ಆರಂಭಿಸಿ, 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು. ಆ ಹೊತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ. 2016ರ ಮಾರ್ಚಿನಲ್ಲಿ ಅದರ ಮುಖ್ಯಸ್ಥ ವಿಜಯ್ ಮಲ್ಯ ದೇಶ ಬಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಸಂಸ್ಥೆಯನ್ನು ಸಮಾಪನೆಗೊಳಿಸಲು ಆದೇಶಿಸಿತು. 2022ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರಿಗೆ 4 ತಿಂಗಳ ಸೆರೆವಾಸ ವಿಧಿಸಿತು. ಅದು ನ್ಯಾಯಾಂಗ ನಿಂದನೆಗಾಗಿ. ನೌಕರರ ಸಂಬಳಕ್ಕಾಗಿ ಅಲ್ಲ. ಪೈಲಟ್, ಇಂಜಿನಿಯರುಗಳಂತಹ ಓದುಬರಹ ಬಲ್ಲವರೇ ವರ್ಷಗಟ್ಟಲೆ ಕಾಯಬೇಕಾಯಿತೆಂದರೆ, ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತ ತಾಯಿಯ ಗತಿಯೇನು?

ಸರಕಾರದ ಹೊಸ ನೀತಿ ಏನು ಹೇಳುತ್ತದೆ?

29 ಹಳೆಯ ಕಾರ್ಮಿಕ ಕಾಯಿದೆಗಳ ಸ್ಥಾನದಲ್ಲಿ ನಾಲ್ಕು ಸಂಹಿತೆಗಳನ್ನು ಕೇಂದ್ರ ಸರಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಇವುಗಳಲ್ಲಿ ನಮ್ಮ ಕುಟುಂಬಗಳು ತಿಳಿದಿರಬೇಕಾದ ಕೆಲವು ಅಂಶಗಳಿವೆ.

ಮೊದಲನೆಯದಾಗಿ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಕೊಡಬೇಕು. ಕೆಲಸದಿಂದ ತೆಗೆದರೆ ಅಥವಾ ನೌಕರನೇ ರಾಜೀನಾಮೆ ಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ತೀರಿಸಬೇಕು. ಎರಡನೆಯದಾಗಿ, ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕು. ಮೂರನೆಯದಾಗಿ, ಸಂಬಳದ ಬಾಕಿಗಾಗಿ 3 ವರ್ಷಗಳೊಳಗೆ ಅರ್ಜಿ ಹಾಕಬಹುದು. ಸಂಬಳ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಕೊಟ್ಟಿಲ್ಲ ಎಂದು ಸಾಬೀತು ಮಾಡುವ ಹೊಣೆ ಕೂಲಿಯವನ ಮೇಲೆ ಬೀಳುವುದಿಲ್ಲ. ನಾಲ್ಕನೆಯದಾಗಿ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಅದನ್ನು ಕೊಡಬೇಕು. ಐದನೆಯದಾಗಿ, ಅಪರಾಧ ಮಾಡಿದ್ದು ಕಂಪನಿಯಾದರೆ ಆಗ ಅದರ ವ್ಯವಹಾರದ ಹೊಣೆ ಹೊತ್ತಿದ್ದವರೂ ಅಪರಾಧಿಗಳೇ. ನಿರ್ದೇಶಕನ ಸಮ್ಮತಿಯಿಂದಲೋ ನಿರ್ಲಕ್ಷ್ಯದಿಂದಲೋ ತಪ್ಪು ನಡೆದಿದ್ದರೆ ಅವನೂ ಶಿಕ್ಷೆಗೆ ಗುರಿಯಾಗುತ್ತಾನೆ.

ಕಂಪನಿ ದಿವಾಳಿಯಾದರೆ? 2016ರ ದಿವಾಳಿ ಸಂಹಿತೆಯ ಪ್ರಕಾರ ಭವಿಷ್ಯ ನಿಧಿ, ಪಿಂಚಣಿ ನಿಧಿ, ಗ್ರಾಚ್ಯುಯಿಟಿ ನಿಧಿಯ ಹಣವನ್ನು ಸಾಲಗಾರರಿಗೆ ಹಂಚುವಂತಿಲ್ಲ. ಸಮಾಪನೆಗೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ, ಒತ್ತೆ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕಿನ ಬಾಕಿಯ ಸಾಲಿನಲ್ಲೇ ನಿಲ್ಲುತ್ತದೆ.

ಇವೆಲ್ಲ ಸ್ವಾಗತಾರ್ಹ. ಆದರೆ ಎಲ್ಲವೂ ಹಿತಕರವಲ್ಲ ಎಂಬುದನ್ನೂ ಹೇಳಬೇಕು. ಹಿಂದೆ 100 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಬೇಕಾದರೆ ಸರಕಾರದ ಪೂರ್ವಾನುಮತಿ ಬೇಕಿತ್ತು. ಈಗ ಆ ಮಿತಿ 300ಕ್ಕೆ ಏರಿದೆ. ಸಂಬಳ ಕಡಿಮೆ ಕೊಟ್ಟ ಮೊದಲ ತಪ್ಪಿಗೆ 50,000 ರೂಪಾಯಿವರೆಗಿನ ದಂಡ ಮಾತ್ರ. ಕೋಟಿಗಟ್ಟಲೆ ವಹಿವಾಟಿನ ಕಂಪನಿಗೆ ಅದೆಷ್ಟರ ಭಾರ? ಉದ್ಯಮ ಬೆಳೆಯಲೆಂದು ಸರಕಾರ ಕೊಡುವ ಸಡಿಲಿಕೆ, ಹೊಣೆಯಿಂದ ನುಣುಚಿಕೊಳ್ಳುವವರಿಗೆ ಕಿಂಡಿಯಾಗಬಾರದು.

ಧರ್ಮಸಭೆಯ ನಿಲುವು

1891ರ ಮೇ 15ರಂದು ಹದಿಮೂರನೆಯ ಲಿಯೋ ಪೋಪ್ ಜಗದ್ಗುರುಗಳು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಬಂಡವಾಳ ಮತ್ತು ದುಡಿಮೆ ಒಂದಕ್ಕೊಂದು ಶತ್ರುಗಳಲ್ಲ, ಒಂದಿಲ್ಲದೆ ಇನ್ನೊಂದು ನಿಲ್ಲದು ಎಂಬುದು ಅದರ ನಿಲುವು. ಇಬ್ಬರೂ ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಕೂಲಿ ನ್ಯಾಯವಾಗಿಬಿಡುವುದಿಲ್ಲ ಎಂದೂ ಅವರು ಬೋಧಿಸಿದರು. ಏಕೆಂದರೆ ಹಸಿದವನು ಯಾವುದಕ್ಕಾದರೂ ಸಹಿ ಹಾಕುತ್ತಾನೆ. 1981ರಲ್ಲಿ ಸಂತ ಎರಡನೆಯ ಜಾನ್ ಪಾಲರು 'ಲಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ 'ಪರೋಕ್ಷ ಮಾಲೀಕ' ಎಂಬ ವಿಚಾರವನ್ನು ಮುಂದಿಟ್ಟರು. ಸಂಬಳ ಕೊಡುವವನಷ್ಟೇ ಅಲ್ಲ, ದುಡಿಮೆಯ ಸ್ಥಿತಿಗತಿಗಳನ್ನು ಹಿಂದಿನಿಂದ ನಿರ್ಧರಿಸುವ ಸರಕಾರ, ಸಂಸ್ಥೆ, ನೀತಿಗಳಿಗೂ ಹೊಣೆಯಿದೆ. ಗುತ್ತಿಗೆದಾರನ ಬೆನ್ನ ಹಿಂದೆ ನಿಂತ ದೊಡ್ಡ ಕಂಪನಿಗೆ ಈ ಮಾತು ಅಳತೆ ತೆಗೆದು ಹೊಲಿದಂತಿದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ನಮ್ಮ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ಹಳೆಯ ಲಿಯೋ ಅವರನ್ನು ಮತ್ತು ಅವರ ವಿಶ್ವಪತ್ರವನ್ನು ನೆನೆದೇ.

ಧರ್ಮಸಭೆ ಉದ್ಯಮಿಯನ್ನು ದ್ವೇಷಿಸುವುದಿಲ್ಲ. ಸಂಬಳದ ದಿನಕ್ಕೆ ಹೆಂಡತಿಯ ಒಡವೆ ಅಡವಿಟ್ಟು ಆಳುಗಳ ಮುಂದೆ ತಲೆಯೆತ್ತಿ ನಿಂತ ಸಣ್ಣ ಕಾರ್ಖಾನೆಯ ಒಡೆಯರನ್ನೂ ನಾನು ಬಲ್ಲೆ. ಅಂಥವರು ಹೊರಬಂದು ಉತ್ತರ ಕೊಟ್ಟ ಆ ತೋಟದ ಯಜಮಾನನ ಸಂತತಿಯವರು. ನಷ್ಟ ಪಾಪವಲ್ಲ. ನಷ್ಟದ ಹೊರೆಯನ್ನು ಮಾತು ಬಾರದವರ ತಲೆಗೆ ಮೊದಲು ಏರಿಸಿ, ತಾನು ಮರೆಯಾಗುವುದು ಪಾಪ.

ನಮ್ಮ ಅಂಗಳದಲ್ಲಿ

ಇಷ್ಟು ಬರೆದು ನಿಲ್ಲಿಸಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಹಿಂದೆ ಒಂದು ಧರ್ಮಕೇಂದ್ರದಲ್ಲಿ ಶಾಲೆಯ ಹೊಣೆಯೂ ನನ್ನ ಮೇಲಿತ್ತು. ಅಲ್ಲಿನ ಆಯಾ ಒಬ್ಬರ ಸಂಬಳ ಎರಡು ತಿಂಗಳು ತಡವಾಯಿತು. ಅವರು ಬಂದು ಕೇಳಿದಾಗ ನಾನು ತಲೆಯೆತ್ತದೆ, "ಆಫೀಸಿನಲ್ಲಿ ವಿಚಾರಿಸಿ" ಎಂದುಬಿಟ್ಟೆ. ಆಫೀಸಿನ ಚೆಕ್ಕಿಗೆ ಸಹಿ ಹಾಕಬೇಕಾದವನು ನಾನೇ ಆಗಿದ್ದೆ. ಆ ತಾಯಿ "ಆಗಲಿ ಫಾದರ್" ಎಂದು ಹೊರಟುಹೋದರು. ಮರುದಿನ ಬೆಳಿಗ್ಗೆ ಅವರೇ ಕ್ರಿಸ್ತಪ್ರಸಾದಕ್ಕೆ ಸಾಲಿನಲ್ಲಿ ನಿಂತಿದ್ದರು. ಅಂದು ನನ್ನ ಕೈ ನಡುಗಿತು.

ನಾವೂ ಮಾಲೀಕರೇ. ನಮ್ಮ ಶಾಲೆಗಳಲ್ಲಿ ಶಿಕ್ಷಕರಿದ್ದಾರೆ, ಆಸ್ಪತ್ರೆಗಳಲ್ಲಿ ದಾದಿಯರಿದ್ದಾರೆ, ಗುರುಮನೆಗಳಲ್ಲಿ ಅಡುಗೆಯವರಿದ್ದಾರೆ. ಖಾಸಗಿ ಶಾಲೆಯ ಶಿಕ್ಷಕರಿಗೂ 1997ರ ಏಪ್ರಿಲ್ 3ರಿಂದ ಅನ್ವಯಿಸುವಂತೆ ಗ್ರಾಚ್ಯುಯಿಟಿ ಸಲ್ಲಬೇಕೆಂಬ 2009ರ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು. ನಮ್ಮ ಸಂಸ್ಥೆಗಳ ಲೆಕ್ಕ ಸರಿಯಿದೆಯೇ? ಸೇವಾ ಮನೋಭಾವ ಎಂಬ ಪವಿತ್ರ ಮಾತನ್ನು ಕಡಿಮೆ ಸಂಬಳಕ್ಕೆ ಹೊದಿಕೆಯಾಗಿ ಬಳಸುತ್ತಿಲ್ಲವೇ? ಹೊಳಲ್ಕೆರೆಯ ಅಡಿಕೆ ತೋಟದಲ್ಲಿ, ಹಿರಿಯೂರಿನ ಈರುಳ್ಳಿ ಹೊಲದಲ್ಲಿ ಆಳಿಟ್ಟು ದುಡಿಸುವ ನಮ್ಮ ವಿಶ್ವಾಸಿಗಳೂ ತಮ್ಮನ್ನು ಕೇಳಿಕೊಳ್ಳಲಿ. ಕಾಯಕಕ್ಕೆ ದೈವತ್ವದ ಪಟ್ಟ ಕಟ್ಟಿದ ನಾಡು ನಮ್ಮದು. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಎಂದಾಗಬಾರದು.

ಆ ತಾಯಿಯ ವಿಷಯ ಏನಾಯಿತೆಂದು ಕೇಳುತ್ತೀರಿ. ನಾವು ಕುಳಿತು ಚೀಟಿಗಳನ್ನೆಲ್ಲ ಜೋಡಿಸಿ ಭವಿಷ್ಯ ನಿಧಿ ಕಚೇರಿಗೂ ಕಾರ್ಮಿಕ ಇಲಾಖೆಗೂ ಅರ್ಜಿ ಬರೆದೆವು. ಎಂಟು ಮಂದಿ ಸಹಿ ಹಾಕಲು ಒಪ್ಪಿದ್ದರು. ಕೆಲಸ ಹೋದೀತೆಂಬ ಭಯದಿಂದ ಇಬ್ಬರು ಹಿಂದೆ ಸರಿದರು. ಅವರನ್ನು ನಾನು ದೂರುವುದಿಲ್ಲ. ಆರು ಮಂದಿಯ ಸಹಿಯೊಡನೆ ಅರ್ಜಿ ಹೋಯಿತು. ಕೆಲವು ತಿಂಗಳ ನಂತರ ಬಾಕಿ ಹಣ ಕಂತುಕಂತಾಗಿ ಖಾತೆಗೆ ಬರತೊಡಗಿತು. ಇನ್ನೂ ಪೂರ್ತಿ ಬಂದಿಲ್ಲ. ಕಾಲೇಜಿನ ಶುಲ್ಕವನ್ನು ಆ ಹೊತ್ತಿಗೆ ಸಾಲ ಮಾಡಿ ಕಟ್ಟಿಯಾಗಿತ್ತು. ನ್ಯಾಯ ತಡವಾಗಿ ಬಂದರೆ ಅದರ ಬಡ್ಡಿಯನ್ನು ಬಡವರೇ ತೆರುತ್ತಾರೆ.

ಆದರೆ ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು. ಅರ್ಜಿಯಲ್ಲಿ ಎದುರು ಪಕ್ಷದ ಹೆಸರು ಬರೆಯಬೇಕಾದ ಜಾಗದಲ್ಲಿ ಕಂಪನಿಯ ಹೆಸರಿನ ಕೆಳಗೆ ಅದರ ನಿರ್ದೇಶಕರ ಹೆಸರನ್ನೂ ಬರೆದೆವು. ಆ ತಾಯಿ ಅದನ್ನು ನಿಧಾನವಾಗಿ ಓದಿ, "ಇವರೂ ನಮ್ಮ ಹಾಗೆ ಮನುಷ್ಯರೇ ಅಲ್ವಾ ಫಾದರ್? ಇವರಿಗಾಗಿಯೂ ಒಂದು ಜಪಸರ ಹೇಳ್ತೀನಿ" ಎಂದರು.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ದುಡಿಯುವವರ ಬಳಿ ನೇಮಕಾತಿ ಪತ್ರ, ಸಂಬಳದ ಚೀಟಿಗಳು ಇವೆಯೇ? ಭವಿಷ್ಯ ನಿಧಿ ಖಾತೆಯನ್ನು ಕೊನೆಯ ಸಲ ನೋಡಿದ್ದು ಯಾವಾಗ?

2. ನಮ್ಮ ಮನೆ, ತೋಟ, ಅಂಗಡಿಯಲ್ಲಿ ದುಡಿದ ಯಾರಿಗಾದರೂ ಬಾಕಿ ಉಳಿಸಿಕೊಂಡಿದ್ದೇವೆಯೇ? ಯಾವ ದಿನ ಕೊಡುತ್ತೇವೆ?

3. ಹೊಣೆಯ ಸ್ಥಾನದಲ್ಲಿರುವ ನಾನು, ತೊಂದರೆ ಬಂದಾಗ ಹೊರಬಂದು ಉತ್ತರ ಕೊಡುತ್ತೇನೆಯೇ, ಇಲ್ಲವೇ ಇನ್ನೊಬ್ಬರ ಕಡೆಗೆ ಬೆರಳು ತೋರಿಸುತ್ತೇನೆಯೇ?

ಪ್ರಾರ್ಥಿಸೋಣ

ನಜರೇತಿನ ಬಡಗಿಯ ಮನೆಯಲ್ಲಿ ದುಡಿದು ಬೆಳೆದ ಪ್ರಭು ಯೇಸುವೇ, ದುಡಿಯುವ ಕೈಗಳನ್ನು ಆಶೀರ್ವದಿಸಿರಿ. ದುಡಿಸಿಕೊಳ್ಳುವವರಿಗೆ ಎಚ್ಚರದ ಮನಸ್ಸಾಕ್ಷಿಯನ್ನು ಕೊಡಿರಿ. ಬಾಕಿಗಾಗಿ ಕಾಯುತ್ತಿರುವವರ ಮನೆಯ ಒಲೆ ಆರದಂತೆ ಕಾಪಾಡಿರಿ. ಲೆಕ್ಕ ಕೊಡುವ ದಿನ ನಾವೆಲ್ಲರೂ ನಿಮ್ಮ ಮುಂದೆ ಮುಖ ಮರೆಸದೆ ನಿಲ್ಲುವಂತೆ ಅನುಗ್ರಹಿಸಿರಿ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.